ಅರ್ಧ ಊದಿನಕಡ್ಡಿಯ ನೇಮ

ಬೆಳಗಿನ ಜಾವದಲ್ಲಿ ಎದ್ದು, ಶುಚಿರ್ಭೂತರಾಗಿ, ಒಂದು ಗಳಿಗೆಯಾದರೂ ಸುಮ್ಮನೆ ಕುಳಿತುಕೊಳ್ಳಬೇಕೆಂದು ಹಿರಿಯರು ಹೇಳಿದ ಮಾತನ್ನು ಕೇಳದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಕೇಳಿದವರು ಬಹು ಜನ. ಮಾಡಿದವರು ಕೆಲವು ಜನ. ಬಿಡದೆ ಮಾಡಿದವರಂತೂ ಬೆರಳ ಮೇಲೆ ಎಣಿಸುವಷ್ಟು. ನಾವು ನಮ್ಮ ಆಯುಷ್ಯದ ನಾಲ್ವತ್ತಾರು ವರ್ಷಗಳನ್ನು ಮೊದಲನೆಯ ಪಂಗಡದಲ್ಲಿಯೇ ಕಳೆದೆವು. ಎರಡನೆಯದಕ್ಕೆ ಹೇಗೆ ಬಂದೆವು, ಮೂರನೆಯದರ ಹೊಸ್ತಿಲಲ್ಲಿ ಇನ್ನೂ ಹೇಗೆ ಎಡವುತ್ತ ನಿಂತಿದ್ದೇವೆ ಎಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು. ಇದರಲ್ಲಿ ಉಪದೇಶವು ಕಡಿಮೆ. ನಮ್ಮ ಫಜೀತಿಯೇ ಹೆಚ್ಚು.

ನಮ್ಮ ಮನೆಯು ಧಾರವಾಡದ ಮಾಳಮಡ್ಡಿಯಲ್ಲಿ. ಹೊಟ್ಟೆಯ ಉದ್ಯೋಗವು ಹುಬ್ಬಳ್ಳಿಯಲ್ಲಿ. ಈ ಎರಡು ಊರುಗಳ ನಡುವಿನ ಇಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ದಿನಾಲು ಹೋಗಿಬರುವವರ ಬಾಳು ಎಂಥದೆಂಬದನ್ನು ಇಲ್ಲಿಯ ವಾಚಕರಿಗೆ ಬಿಡಿಸಿ ಹೇಳಬೇಕಾದದ್ದಿಲ್ಲ. 2018ರಿಂದ ಆ ಹಾದಿಯ ನಡುವೆ ‘ಚಿಗರಿ’ ಎಂಬ ಚೆಂದದ ಹೆಸರಿನ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡಹತ್ತಿದವು. ಬಸ್ಸು ತಂಪಾಗಿತ್ತು, ಅದರಲ್ಲಿ ಕುಳಿತ ನಮ್ಮ ತಲೆಯು ಮಾತ್ರ ಬಿಸಿಯಾಗಿಯೇ ಇತ್ತು. ನವಲೂರು ದಾಟುವದರೊಳಗಾಗಿ ಕಚೇರಿಯ ಕಾಗದಗಳ ಚಿಂತೆ. ಉಣಕಲ್ಲ ಕೆರೆಯು ಕಾಣುವ ಹೊತ್ತಿಗೆ ಮೇಲಿನವರಿಗೆ ಹೇಳಬೇಕಾದ ಉತ್ತರದ ತಾಲೀಮು. ಸಂಜೆಗೆ ತಿರುಗಿ ಬರುವಾಗ, ಹೇಳಬೇಕೆಂದು ಹೇಳದೆ ಉಳಿದ ಮಾತುಗಳ ಕುದಿತ. ಈ ಕುದಿತವೆಲ್ಲ ಎಲ್ಲಿ ಉಕ್ಕಬೇಕು? ಮೇಲಿನವರ ಮುಂದೆ ಉಕ್ಕುವಂತಿಲ್ಲ, ಬಸ್ಸಿನಲ್ಲಿ ಉಕ್ಕುವಂತಿಲ್ಲ. ಮನೆಯ ಹೊಸ್ತಿಲು ದಾಟಿದೊಡನೆ ಅದಕ್ಕೆ ಜಾಗವು ಸಿಕ್ಕುತ್ತಿತ್ತು.

ನಳಕ್ಕೆ ನೀರು ಬರುವ ದಿನವಾಗಿದ್ದರೆ ಕೊಡಗಳು ತುಂಬಲಿಲ್ಲವೆಂದು ಸಿಟ್ಟು. ನೀರು ಬಾರದ ದಿನವಾಗಿದ್ದರೆ ಇದ್ದ ನೀರು ಹೆಚ್ಚು ಖರ್ಚಾಯಿತೆಂದು ಸಿಟ್ಟು. ಚಪ್ಪಲಿಯು ಅಡ್ಡ ಬಿದ್ದರೂ ಸಿಟ್ಟು, ಯಾರೋ ಅದನ್ನು ಸರಿಸಿಟ್ಟರೆ ಸಿಕ್ಕಲಿಲ್ಲವೆಂದು ಸಿಟ್ಟು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಜಂತಿಗಳನ್ನು ಎಣಿಸುತ್ತ ಮಲಗುವದು ರೂಢಿಯಾಯಿತು. ಕಡೆಗೊಮ್ಮೆ ತಲೆ ಸುತ್ತಿ ಬಂದದ್ದರಿಂದ ಡಾಕ್ಟರರ ಕಡೆಗೆ ಹೋದೆವು. ರಕ್ತದ ಒತ್ತಡವು 160ಕ್ಕೆ 100 ಇತ್ತು. ಅವರು ಗುಳಿಗೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿರಿ, ದಿನಾಲು ನಡೆಯಿರಿ, ಸ್ವಲ್ಪ ಹೊತ್ತು ಧ್ಯಾನ ಮಾಡಿರಿ ಎಂದು ಹೇಳಿದರು. ಗುಳಿಗೆಯನ್ನು ಕೊಂಡೆವು, ಉಪ್ಪಿನಕಾಯಿಯನ್ನು ಬಿಟ್ಟೆವು, ಧ್ಯಾನದ ಮಾತನ್ನು ಔಷಧದ ಅಂಗಡಿಯ ಮೆಟ್ಟಲಿನ ಮೇಲೆಯೇ ಬಿಟ್ಟು ಬಂದೆವು.

ಆದರೆ ಗುಳಿಗೆಗೆ ನಿಲುಕದ ಒಂದು ಸಂಗತಿಯು ಅದೇ ವಾರದಲ್ಲಿ ನಡೆಯಿತು. ಒಂದು ಸಂಜೆ ನಾವು ಎಂದಿಗಿಂತ ಮುಂಚೆ ಮನೆಗೆ ಬಂದೆವು. ಒಳಗೆ ಅಡಿಗೆಮನೆಯಲ್ಲಿ ನಮ್ಮ ಹತ್ತು ವರ್ಷದ ಮಗಳು ನಮ್ಮ ತಾಯಿಯ ಸಂಗಡ ಪಿಸುಮಾತಿನಲ್ಲಿ ಹೇಳುತ್ತಿದ್ದಳು: “ಆಯೀ, ನೀ ಸಹಿ ಮಾಡು. ಅಪ್ಪಗ ತೋರಸಬ್ಯಾಡ. ಅಪ್ಪ ಬಂದ್ರ ನನಗ ಹೊಟ್ಯಾಗ ನೋಯಸ್ತೈತಿ.”

ಅವಳ ಕೈಯಲ್ಲಿ ಪರೀಕ್ಷೆಯ ಗುಣಪತ್ರಿಕೆಯಿತ್ತು. ನಾವು ಆ ಮಗುವಿನ ಮೇಲೆ ಎಂದೂ ಕೈ ಎತ್ತಿದವರಲ್ಲ. ಕೈ ಎತ್ತದಿದ್ದರೆ ಸಾಕು, ಒಳ್ಳೆಯ ತಂದೆಯಾದೆವೆಂದು ತಿಳಿದಿದ್ದೆವು. ನಮ್ಮ ಚಪ್ಪಲಿಯ ಸಪ್ಪಳವೇ ಒಂದು ಕೂಸಿನ ಹೊಟ್ಟೆಯಲ್ಲಿ ನೋವು ಹುಟ್ಟಿಸುತ್ತಿತ್ತೆಂಬದು ಅಂದಿನ ವರೆಗೆ ತಿಳಿದಿರಲಿಲ್ಲ. ಬಂದ ಹೆಜ್ಜೆಯಲ್ಲಿಯೇ ಸಪ್ಪಳ ಮಾಡದೆ ಹೊರಗೆ ಹೋಗಿ, ಸೋಮೇಶ್ವರದ ಕಡೆಗೆ ಒಂದು ತಾಸು ಅಡ್ಡಾಡಿ, ಎಂದಿನ ವೇಳೆಗೆ ಎಂದಿನಂತೆ ಮನೆಗೆ ಬಂದೆವು. ಆ ರಾತ್ರಿ ಜಂತಿ ಎಣಿಸುತ್ತ ಮಲಗಿದಾಗ ಡಾಕ್ಟರರ ಮೂರನೆಯ ಮಾತು ನೆನಪಾಯಿತು.

ಮರುದಿನದಿಂದಲೇ ಆರಂಭ! ನಮ್ಮ ಕಡೆಗೆ ಸಾಹಿತ್ಯಕ್ಕೇನು ಕೊರತೆ? ವಿಶ್ವಸಂಸ್ಥೆಯವರ ಗೊತ್ತುವಳಿಯಿಂದ 2015ರಲ್ಲಿ ಮೊದಲನೆಯ ಯೋಗದಿನವು ನಡೆದಾಗ ಉತ್ಸಾಹದಿಂದ ಕೊಂಡ ರಬ್ಬರಿನ ಹಾಸಿಗೆಯೊಂದು ಅಟ್ಟದ ಮೇಲೆ ಸುರುಳಿಯಾಗಿ ಮಲಗಿತ್ತು. ಜೂನ್ 21ಕ್ಕೆ ಒಮ್ಮೆ ಇಳಿದು, 22ಕ್ಕೆ ಮತ್ತೆ ಅಟ್ಟವನ್ನೇರುವ ಅದರ ಪದ್ಧತಿಯು ಇನ್ನೂ ಬಹು ಮನೆಗಳಲ್ಲಿ ಇದ್ದೀತು. ಅದನ್ನು ಝಾಡಿಸಿ ಹಾಸಿ, ಮೊಬೈಲಿನಲ್ಲಿ ಅರ್ಧ ತಾಸಿನ ಗಂಟೆಯನ್ನಿಟ್ಟು, ಪದ್ಮಾಸನ ಹಾಕಿ ಕುಳಿತೆವು. ಮೂರನೆಯ ನಿಮಿಷಕ್ಕೆ ಮೊಣಕಾಲು ಕೂಗಿತು. ಐದನೆಯ ನಿಮಿಷಕ್ಕೆ ಮೊಬೈಲಿನಲ್ಲಿ ಯಾರದೋ ಶುಭೋದಯವು ಬಂದಿತು. ಅದನ್ನು ನೋಡಹೋಗಿ ಕಚೇರಿಯ ಒಂದು ಪತ್ರವನ್ನೂ ಓದಿದೆವು. ಅಲ್ಲಿಗೆ ಧ್ಯಾನದ ಸಮಾಪ್ತಿಯಾಗಿ, ಸಿಟ್ಟಿನ ಪ್ರಾರಂಭವಾಯಿತು. ಹೀಗೆ ನಾಲ್ಕು ದಿನ ನಡೆದು, ಐದನೆಯ ದಿನ ನಾವು ಏಳಲೇ ಇಲ್ಲ.

ನಮ್ಮ ಈ ಸಾಹಸವನ್ನು ಮನೆಯಲ್ಲಿ ಒಬ್ಬರು ಸುಮ್ಮನೆ ನೋಡುತ್ತಿದ್ದರು. ಅವರು ನಮ್ಮ ತಾಯಿ. ಅವಳಿಗೆ ಆಗ ಎಪ್ಪತ್ತೆಂಟು ವರ್ಷ. ಮದುವೆಯಾಗಿ ಬಂದಂದಿನಿಂದ ಅವಳ ಮುಂಜಾವಿನ ಕ್ರಮವು ಒಂದೇ. ಸ್ನಾನವಾದೊಡನೆ ವಿಭೂತಿಯನ್ನು ಧರಿಸಿ, ಪಡಸಾಲೆಯ ಮೂಲೆಯಲ್ಲಿ ನವಲಗುಂದದ ಹಳೆಯ ಜಮಖಾನೆಯ ತುಂಡಿನ ಮೇಲೆ ಕುಳಿತು, ಕರಡಿಗೆಯೊಳಗಿನ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ನೀರು, ವಿಭೂತಿ, ಪತ್ರಿ, ಹೂವುಗಳನ್ನು ಏರಿಸಿ, ಒಂದೇ ದೃಷ್ಟಿಯಿಂದ ಅದನ್ನು ನೋಡುತ್ತ ಪಂಚಾಕ್ಷರಿಯನ್ನು ಜಪಿಸುವಳು. ಊದಿನಕಡ್ಡಿಯನ್ನು ಇಡಿಯಾಗಿ ಹಚ್ಚದೆ ಅರ್ಧ ಮುರಿದು ಹಚ್ಚುವದು ಅವಳ ಮಿತವ್ಯಯ. ಆ ಅರ್ಧ ಕಡ್ಡಿಯು ಉರಿದು ಮುಗಿಯುವ ವರೆಗೆ ಅವಳು ಅಲುಗುವವಳಲ್ಲ. ನಾವು ಹುಟ್ಟಿದಂದಿನಿಂದ ಈ ನೋಟವನ್ನು ಕಾಣುತ್ತ ಬಂದಿದ್ದೆವು. ಗೋಡೆಯ ಮೇಲಿನ ಗಡಿಯಾರವನ್ನು ಕಂಡಂತೆ ಕಂಡಿದ್ದೆವೇ ಹೊರತು, ಅದೊಂದು ಕಲಿಯತಕ್ಕ ವಿದ್ಯೆಯೆಂದು ಎಂದೂ ತೋರಿರಲಿಲ್ಲ.

ಆರನೆಯ ದಿನ ಅವಳೇ ಕೇಳಿದಳು: “ಯಾಕ ತಮ್ಮಾ, ಕುಂದ್ರೂದು ಬಿಟ್ಟ್ಯಾ?”

“ಮನಸ್ಸು ನಿಂದರವಲ್ದವ್ವಾ.”

ಅವಳು ನಕ್ಕಳು. “ಅದು ಏನು ಗ್ವಾದ್ಲ್ಯಾಗ ಕಟ್ಟಿದ ದನಾ ಏನು ನಿಂದರಾಕ? ಅದು ಓಡತೈತಿ, ಓಡಲಿ. ನೀ ಏಳಬ್ಯಾಡ. ನೀ ಕುಂತಿದ್ರ ಅದ ತಿರಿಗಿ ಬರತೈತಿ. ಮನಿ ಯಜಮಾನನ ಎದ್ದು ಹ್ವಾದ್ರ ಅದು ಯಾರ ಮನಿಗೆ ಬರಬೇಕು?”

ನಮಗೆ ಓದುವ ಚಟವುಂಟು. ಆದದ್ದರಿಂದ ಅವಳ ಮಾತಿಗೆ ಪುಸ್ತಕಗಳ ಸಾಕ್ಷಿಯನ್ನು ಹುಡುಕಹೋದೆವು. ನಮ್ಮ ಆಶ್ಚರ್ಯಕ್ಕೆ ಸಾಕ್ಷಿಯು ದೊರೆಯಿತು. ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದ ಡಾಕ್ಟರ ಹರ್ಬರ್ಟ್ ಬೆನ್ಸನ್ ಎಂಬವರು 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಶರೀರದ ವಿಶ್ರಾಂತಿಗೆ ಬೇಕಾದ ಅಂಗಗಳಲ್ಲಿ ಈ ಎರಡನ್ನೂ ಹೇಳಿದ್ದಾರೆ. ಒಂದು ಶಬ್ದವನ್ನಾಗಲಿ ಉಸಿರನ್ನಾಗಲಿ ಮತ್ತೆ ಮತ್ತೆ ಹಿಡಿಯುವದು ಒಂದು. ಬೇರೆ ವಿಚಾರಗಳು ಬಂದಾಗ ಅವುಗಳೊಡನೆ ಜಗಳಾಡದೆ ಸುಮ್ಮನೆ ಮೊದಲಿನದಕ್ಕೆ ಮರಳುವದು ಇನ್ನೊಂದು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯನ್ನು ದಾಟದ ನಮ್ಮ ತಾಯಿಯು ಇದನ್ನೇ ದನದ ಮಾತಿನಲ್ಲಿ ಹೇಳಿದ್ದಳು. ಉಸಿರಿನ ಮಾತಿಗೂ ಶರೀರಶಾಸ್ತ್ರದ ಆಧಾರವುಂಟು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಾರೆ ಉಸಿರಾಡುತ್ತೇವೆ. ಅದನ್ನು ಬಲಾತ್ಕಾರವಿಲ್ಲದೆ ನಿಧಾನಗೊಳಿಸಿ, ಒಳಗೆಳೆಯುವದಕ್ಕಿಂತ ಹೊರಬಿಡುವದನ್ನು ಉದ್ದವಾಗಿಸಿದರೆ, ಮಿದುಳಿನಿಂದ ಎದೆ ಹೊಟ್ಟೆಗಳಿಗೆ ಇಳಿದುಬರುವ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತವು ಇಳಿಯುತ್ತದೆ. ಸಿಟ್ಟಿನಲ್ಲಿ ಉಸಿರು ಗಿಡ್ಡಾಗುವದನ್ನು ಎಲ್ಲರೂ ಬಲ್ಲರು. ಉಸಿರು ಉದ್ದಾದರೆ ಸಿಟ್ಟಿಗೆ ನಿಲ್ಲಲು ಜಾಗವು ಕಡಿಮೆಯಾಗುವದೆಂಬದು ಅದರದೇ ಮತ್ತೊಂದು ಮುಖವು.

ಹೀಗೆ ಎರಡನೆಯ ಆರಂಭವಾಯಿತು. ಈ ಸಾರೆ ರಬ್ಬರಿನ ಹಾಸಿಗೆಯು ಅಟ್ಟದಲ್ಲಿಯೇ ಉಳಿಯಿತು. ಅವ್ವನ ಜಮಖಾನೆಯ ಇನ್ನೊಂದು ತುಂಡು ನಮ್ಮ ಪಾಲಿಗೆ ಬಂದಿತು. ಪದ್ಮಾಸನವನ್ನು ಬಿಟ್ಟು, ಗೋಡೆಗೆ ಬೆನ್ನು ತಾಗದಂತೆ ಸಾದಾ ಚಕ್ಕಳಬಕ್ಕಳ ಹಾಕಿ ಕುಳಿತೆವು. ಮೊಬೈಲು ಒಳಕೋಣೆಯ ಕಪಾಟಿನಲ್ಲಿ. ಗಡಿಯಾರದ ಬದಲು ಕಿಟಕಿಯಲ್ಲಿಟ್ಟ ಅರ್ಧ ಊದಿನಕಡ್ಡಿ. ವೇಳೆಯು ಮುಖ ತೊಳೆದ ಮೇಲೆ, ಚಹಾದ ಮೊದಲು. ಈ ‘ಮೇಲೆ’ ‘ಮೊದಲು’ಗಳೇ ರೂಢಿಯ ಗುಟ್ಟು. ‘ಬಿಡುವಾದಾಗ ಕುಳಿತೇನು’ ಎಂಬವನಿಗೆ ಬಿಡುವು ಎಂದೂ ಆಗುವದಿಲ್ಲ. ದಿನಾಲು ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಹೊಸ ಕೆಲಸವನ್ನು ಗಂಟುಹಾಕಿದರೆ, ಹಳೆಯದು ಹೊಸದನ್ನು ತಾನೇ ಎಳೆದುಕೊಂಡು ಬರುತ್ತದೆ. ನಾವು ಚಹಾ ಬಿಟ್ಟು ಬದುಕುವವರಲ್ಲ. ಆದದ್ದರಿಂದ ಚಹಾವೇ ನಮ್ಮನ್ನು ದಿನಾಲು ಕೂಡಿಸಿತು!

ಹತ್ತು ದಿನ ಕಳೆದವು. ಮನಸ್ಸು ನಿಂತಿತೇ? ಇಲ್ಲ. ನಾವು ಕುಳಿತಿದ್ದೆವಷ್ಟೇ. ಆದರೆ ನಮ್ಮ ಹತ್ತಿರ ಸಿಟ್ಟು ಬರುವ ದಾರಿಯು ನಮಗೆ ಕಾಣಹತ್ತಿತು. ಮೊದಲು ಅದು ಬಂದು, ಆಡಿ, ಮುರಿದು, ಹೋದ ಮೇಲೆ ತಿಳಿಯುತ್ತಿತ್ತು. ಈಗ ಅದು ಬಾಗಿಲಿಗೆ ಬಂದಾಗಲೇ ಕಿವಿ ಬೆಚ್ಚಗಾಗುವದೂ ಉಸಿರು ಗಿಡ್ಡಾಗುವದೂ ಅರಿವಿಗೆ ಬರಹತ್ತಿದವು. ಕೆಲವೊಮ್ಮೆ ಅರಿವಿಗೆ ಬಂದರೂ ಕೂಗಿಬಿಡುತ್ತಿದ್ದೆವು. ಆದರೂ ಕೂಗುವವರೂ ನಾವೇ ಎಂಬದು ತಿಳಿಯುತ್ತಿತ್ತು. ಅದೂ ಒಂದು ಪ್ರಗತಿಯೇ ಸರಿ.

ಹದಿನೈದನೆಯ ದಿನಕ್ಕೆ ಅಡಿಗೆಮನೆಯಿಂದ ಒಂದು ಪ್ರಶ್ನೆಯು ಬಂದಿತು. ನಮ್ಮ ಮನೆಯವರು ಒಂದು ಒಲೆಯ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಹಾಲು, ಕೈಯಲ್ಲಿ ಮಗಳ ಜಡೆ, ಹೀಗೆ ಮೂರು ಅವತಾರಗಳಲ್ಲಿದ್ದರು. “ನೀವು ಕುಂತಷ್ಟು ಹೊತ್ತು ಮನ್ಯಾಗ ಗದ್ದಲ ಇರೂದಿಲ್ಲ, ಭಾಳ ಚಲೋ ಆತು. ಆದ್ರ ನನಗ ಅರ್ಧ ಕಡ್ಡಿ ಯಾವಾಗ ಹಚ್ಚೂದು?” ಎಂದು ಕೇಳಿದರು. ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಆದದ್ದರಿಂದಲೇ ಅದು ಆಳಕ್ಕೆ ಇಳಿಯಿತು. ಯಜಮಾನನು ಶಾಂತಿಯಿಂದ ಕಣ್ಣು ಮುಚ್ಚಿ ಕುಳಿತಿರಲು, ಆ ಶಾಂತಿಯ ಕಟ್ಟಿಗೆಯನ್ನು ಒಲೆಯ ಮುಂದೆ ಬೇರೊಬ್ಬರು ಉರಿಸುತ್ತಿದ್ದರೆ ಅದು ಯಾವ ತಪಸ್ಸು? ಅಂದಿನಿಂದ ನಾವು ಅರ್ಧ ತಾಸು ಮುಂಚೆ ಏಳಹತ್ತಿದೆವು. ನಮ್ಮ ಕಡ್ಡಿ ಮುಗಿದ ಮೇಲೆ ಹಾಲು ಕಾಸುವದು, ಉಳ್ಳಾಗಡ್ಡಿ ಹೆಚ್ಚುವದು, ಜಡೆ ಹಾಕುವದು ನಮ್ಮ ಪಾಲಿಗೆ ಬಂದವು. ಅದೇ ಜಮಖಾನೆಯ ಮೇಲೆ ಅವರು ಕುಳಿತರು. ನಾವು ಹಾಕಿದ ಜಡೆಯನ್ನು ಮಗಳು ಮೊದಲ ವಾರ ಬಾಗಿಲ ಮರೆಯಲ್ಲಿ ಬಿಚ್ಚಿ ತಾನೇ ಹಾಕಿಕೊಳ್ಳುತ್ತಿದ್ದಳು. ವಾಚಕರಲ್ಲಿ ಪುರುಷರಿಗೆ ನಮ್ಮದೊಂದು ಬಿನ್ನಹವುಂಟು. ಧ್ಯಾನದ ವೇಳೆಯನ್ನು ಗೊತ್ತುಪಡಿಸುವ ಮೊದಲು, ಆ ವೇಳೆಯಲ್ಲಿ ನಿಮ್ಮ ಕೆಲಸವನ್ನು ಯಾರು ಮಾಡುವರೆಂಬದನ್ನು ಕೇಳಿಕೊಳ್ಳಿರಿ.

ನಮ್ಮ ಈ ಸೀಮೆಯು ಧ್ಯಾನಕ್ಕೆ ಹೊಸದಲ್ಲ. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿಗಳು (1836–1929) ಜಾತಿಮತಗಳ ಭೇದವೆಣಿಸದೆ ಎಲ್ಲರಿಗೂ ಶಿವನಾಮವನ್ನು ಕೊಟ್ಟರು. ಅವರ ಮಠದಲ್ಲಿ ‘ಓಂ ನಮಃ ಶಿವಾಯ’ದ ಧ್ವನಿಯನ್ನು ಕೇಳದೆ ಬಂದವರಿಲ್ಲ. ಹುಬ್ಬಳ್ಳಿಯ ರೇಲ್ವೆ ನಿಲ್ದಾಣಕ್ಕೆ 2020ರಲ್ಲಿ ಅವರ ಹೆಸರನ್ನಿಟ್ಟರು. 2023ರಲ್ಲಿ ಅಲ್ಲಿ 1507 ಮೀಟರು ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವಾದ ಕಟ್ಟೆಯು ಸಿದ್ಧವಾಯಿತು. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅವಸರದ ಸ್ಥಳಕ್ಕೆ, ಸುಮ್ಮನೆ ಕುಳಿತು ಗೆದ್ದವರ ಹೆಸರು! ಇನ್ನು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು (1886–1957) ಅಲಾಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿ, ಕಡೆಗೆ ವಿಜಯಪುರ ಜಿಲ್ಲೆಯ ನಿಂಬಾಳವೆಂಬ ಸಣ್ಣ ಹಳ್ಳಿಯಲ್ಲಿ ನೆಲೆಸಿ ನಾಮಸ್ಮರಣೆಯಲ್ಲಿ ಕಾಲ ಕಳೆದರು. ಅವರ ಸಂಪ್ರದಾಯದ ಮನೆತನಗಳಲ್ಲಿ ನಿತ್ಯದ ಧ್ಯಾನಕ್ಕೆ ‘ನೇಮ’ವೆಂದೇ ಹೆಸರು. ಎಷ್ಟು ಯೋಗ್ಯವಾದ ಶಬ್ದ! ಧ್ಯಾನವೆಂದರೆ ಅದು ಸಾಧಿಸೀತೋ ಇಲ್ಲವೋ ಎಂಬ ಭಯವುಂಟು. ನೇಮಕ್ಕೆ ಆ ಭಯವಿಲ್ಲ. ಕುಳಿತರೆ ನೇಮವು ನಡೆದಂತೆ.

ಆದರೂ ಸುಳ್ಳು ಆಸೆಯನ್ನು ಹುಟ್ಟಿಸಬಾರದು. 2014ರಲ್ಲಿ ಅಮೇರಿಕೆಯ ಪಂಡಿತರು 47 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 3515 ಜನರ ಅನುಭವವನ್ನು ಒಟ್ಟುಗೂಡಿಸಿ ನೋಡಿದರು. ಧ್ಯಾನದಿಂದ ಕಳವಳ, ಮನಸ್ಸಿನ ಕುಗ್ಗು, ನೋವು, ಇವು ಸ್ವಲ್ಪ ಮಟ್ಟಿಗೆ ಇಳಿಯುವವೆಂದು ಕಂಡಿತು; ಆದರೆ ಔಷಧಕ್ಕಿಂತಲೂ ವ್ಯಾಯಾಮಕ್ಕಿಂತಲೂ ಅದು ಮೇಲೆಂಬದಕ್ಕೆ ಆಧಾರವು ಸಿಕ್ಕಲಿಲ್ಲ. ಆದದ್ದರಿಂದ ನಮ್ಮ ಗುಳಿಗೆಯನ್ನು ನಾವು ಬಿಡಲಿಲ್ಲ. ಮನಸ್ಸೇ ರೋಗಕ್ಕೆ ಬಿದ್ದಿದ್ದರೆ, ಕಣ್ಣು ಮುಚ್ಚಿ ಕುಳಿತಾಗ ಅಂಜಿಕೆಯು ಹೆಚ್ಚಾಗುತ್ತಿದ್ದರೆ, ಅಂಥವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಧಾರವಾಡದಲ್ಲಿಯೇ ಅದಕ್ಕಾಗಿ ದೊಡ್ಡ ಸರಕಾರಿ ಸಂಸ್ಥೆಯುಂಟು. ಡಿಮ್ಹಾನ್ಸಿನ ಮೆಟ್ಟಲು ಹತ್ತಲು ಯಾರೂ ನಾಚತಕ್ಕದ್ದಿಲ್ಲ.

ಆಷಾಢದ ಜಿಟಿಜಿಟಿ ಮಳೆಯಲ್ಲಿ ನಮ್ಮ ನೇಮಕ್ಕೆ ಪರೀಕ್ಷೆಯು ಬಂದಿತು. ಒಂದು ಮುಂಜಾನೆ ಅವ್ವ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಹನ್ನೊಂದು ದಿನ ಅಲ್ಲಿಯೇ ವಾಸ. ರಾತ್ರಿ ನಿದ್ರೆಯಿಲ್ಲ, ಹಗಲು ಔಷಧದ ಓಡಾಟ. ನಮ್ಮ ಅರ್ಧ ಕಡ್ಡಿಯು ಎಲ್ಲಿಯದು? ಏಳನೆಯ ದಿನ ಹಾಸಿಗೆಯ ಹೊದಿಕೆಯನ್ನು ತಡವಾಗಿ ತಂದ ಒಬ್ಬ ಸೇವಕಿಯ ಮೇಲೆ, ಇಡಿಯ ಓಣಿಯೇ ತಿರುಗಿ ನೋಡುವಂತೆ ಕೂಗಾಡಿದೆವು. ಅವಳು ತಲೆ ತಗ್ಗಿಸಿ ಹೋದಳು. ಅವಳ ವಯಸ್ಸು ನಮ್ಮ ಮಗಳಿಗಿಂತ ಹತ್ತು ವರ್ಷ ಹೆಚ್ಚಿದ್ದೀತು. ಎಲ್ಲ ಹೋಯಿತು, ಮೂರು ತಿಂಗಳ ಗಳಿಕೆಯು ಒಂದು ಗಳಿಗೆಯಲ್ಲಿ ನೀರಾಯಿತೆಂದು ನಮಗೆ ಅನಿಸಿತು.

ಆ ರಾತ್ರಿ ಕುರ್ಚಿಯಲ್ಲಿಯೇ ಕಣ್ಣು ಹತ್ತಿತ್ತು. ಬೆಳಗಿನ ಜಾವಕ್ಕೆ ಎಚ್ಚರವಾದಾಗ, ಅಂಗಾತ ಮಲಗಿದ ಅವ್ವ ಎಡಗೈಯನ್ನು ಎದೆಯ ಮೇಲೆ ತಂದು, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ನೋಡುತ್ತಿದ್ದಳು. ನೀರಿಲ್ಲ, ಪತ್ರಿಯಿಲ್ಲ, ಊದಿನಕಡ್ಡಿಯಂತೂ ಅಲ್ಲಿ ನಿಷಿದ್ಧ. ಅವಳ ಜಪವು ಮುಗಿದ ಮೇಲೆ ನಾವು ಕೇಳಿದೆವು: “ಹೂವಿಲ್ದ ಹ್ಯಾಂಗ ಮಾಡಿದಿ ಅವ್ವಾ?”

“ಹೂವು ನಮ್ಮ ಹಿತ್ತಲದಾಗ ಅದಾವಲ್ಲ, ಅಷ್ಟ ಸಾಕು.”

“ನನ್ನ ನೇಮ ತಪ್ಪಿ ಎಂಟು ದಿನ ಆತವ್ವಾ. ನಿನ್ನೆ ಆ ಹುಡಿಗಿ ಮ್ಯಾಲ...”

“ಕೇಳೇನಿ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ತಪ್ಪಿದ್ದು ನಿನ್ನಿಗೆ. ಇವತ್ತಿಗೇನಾಗೇತಿ? ಅಕಿ ಬಂದ್ರ ಎರಡು ಮಾತು ಚಲೋ ಆಡು. ಆಮ್ಯಾಲ ಕುಂದ್ರು.”

ಆ ಹುಡುಗಿಯು ಬಂದಾಗ ನಾವು ಎದ್ದು ನಿಂತು, ನಿನ್ನೆ ತಪ್ಪು ನಮ್ಮದೆಂದು ಹೇಳಿದೆವು. ಅವಳು ನಂಬದವಳಂತೆ ನೋಡಿ, ಹೊದಿಕೆಯನ್ನು ಬದಲಿಸಿ, ಹೋಗುವಾಗ ಅವ್ವನ ತಲೆದಿಂಬನ್ನು ಸರಿಪಡಿಸಿ ಹೋದಳು. ನಾವು ಕುರ್ಚಿಯ ಮೇಲೆಯೇ ಕಾಲು ಕೆಳಗಿಟ್ಟು ಕಣ್ಣು ಮುಚ್ಚಿದೆವು. ಕಡ್ಡಿಯಿಲ್ಲದ್ದರಿಂದ ಉಸಿರನ್ನೇ ಎಣಿಸಿದೆವು; ನೂರಕ್ಕೆ ನಿಲ್ಲಿಸಿದೆವು.

ಇದರ ಪುರಾವೆಯೂ ತರುವಾಯ ಓದಿನಲ್ಲಿ ಸಿಕ್ಕಿತು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಎಂಬ ವಿದುಷಿಯೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಶೋಧದಲ್ಲಿ, 96 ಜನರು ಒಂದೊಂದು ಹೊಸ ರೂಢಿಯನ್ನು ಹಿಡಿದರು. ಅದು ತಾನಾಗಿ ನಡೆಯುವಂತಾಗಲು ನಡುವಿನ ಲೆಕ್ಕದಲ್ಲಿ 66 ದಿನಗಳು ಬೇಕಾದವು. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನದ ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ರೂಢಿಯ ಬೆಳವಣಿಗೆಗೆ ಹೇಳತಕ್ಕ ಹಾನಿಯಾಗಲಿಲ್ಲವೆಂದೂ ಅವರು ಕಂಡರು. ನಮ್ಮದು ಒಂದು ದಿನವಲ್ಲ, ಎಂಟು ದಿನ ತಪ್ಪಿತ್ತು, ನಿಜ. ಆದರೆ ರೂಢಿಯನ್ನು ಕೆಡಿಸುವದು ತಪ್ಪಿದ ದಿನವಲ್ಲ, ‘ತಪ್ಪಿತಲ್ಲ, ಇನ್ನೇನು?’ ಎಂದು ಕೈಬಿಡುವ ಮರುದಿನ.

ಅವ್ವ ಮನೆಗೆ ಬಂದಳು. ಈಗ ನೆಲಕ್ಕೆ ಕೂಡ್ರಲಾರಳು. ಅವಳಿಗೆ ಕುರ್ಚಿ, ಅದರ ಕಾಲ ಬುಡದಲ್ಲಿ ನಮಗೆ ಜಮಖಾನೆ. ದೀಪಾವಳಿಯ ಸೂಟಿ ಮುಗಿದು ಶಾಲೆಯು ತೆರೆದ ವಾರದಲ್ಲಿ, ಒಂದು ಸಂಜೆ ನಾವು ಚಪ್ಪಲಿ ಬಿಡುತ್ತಿದ್ದಾಗಲೇ ಮಗಳು ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಗುಣಪತ್ರಿಕೆಯಿತ್ತು.

“ಅಪ್ಪಾ, ಗಣಿತದಾಗ ಇಪ್ಪತ್ತೈದಕ್ಕ ಒಂಬತ್ತ ಬಂದಾವ. ಸಹಿ ಬೇಕು.”

ವಾಚಕರೇ, ನಮ್ಮ ಕಿವಿಯು ಬೆಚ್ಚಗಾಯಿತು. ಅಂದು ಕಚೇರಿಯಲ್ಲಿಯೂ ಸುಖವಾದ ದಿನವಾಗಿರಲಿಲ್ಲ. ಉಸಿರು ಗಿಡ್ಡಾದದ್ದು ತಿಳಿಯಿತು. ಒಂದು ಸಾರೆ ಉದ್ದಾಗಿ ಹೊರಬಿಟ್ಟೆವು. ಸಾಲಲಿಲ್ಲ, ಇನ್ನೊಂದು ಸಾರೆ ಬಿಟ್ಟೆವು. ಒಳಗೆ ಕುರ್ಚಿಯಲ್ಲಿ ಕುಳಿತ ಅವ್ವ ಅವರೆಕಾಯಿ ಸುಲಿಯುವದನ್ನು ನಿಲ್ಲಿಸಿದ್ದಳು.

“ಯಾವ ಲೆಕ್ಕ ತಪ್ಪ್ಯಾವ, ತೋರಸು. ಇಲ್ಲೆ ಕೂಡು,” ಎಂದೆವು.

ಹೊಸ್ತಿಲ ಬಳಿಯಲ್ಲಿಯೇ ಇಬ್ಬರೂ ಕುಳಿತೆವು. ಭಿನ್ನರಾಶಿಗಳ ಲೆಕ್ಕಗಳವು. ನಾಲ್ಕನ್ನು ತಿದ್ದುವ ಹೊತ್ತಿಗೆ ನಮಗೂ ಒಂದು ತಪ್ಪಿತು. ಅವಳು ಅದನ್ನು ಹಿಡಿದು ನಕ್ಕಳು. ಒಳಗಿನಿಂದ ಅವರೆಕಾಯಿಯ ಸಿಪ್ಪೆಗಳು ಬುಟ್ಟಿಯಲ್ಲಿ ಬೀಳುವ ಸಪ್ಪಳವು ಮತ್ತೆ ಕೇಳಿಸಹತ್ತಿತು.

ನಮಗೆ ಸಮಾಧಿಯೇನೆಂಬದು ಇಂದಿಗೂ ತಿಳಿಯದು; ಮನಸ್ಸು ಇಂದಿಗೂ ಓಡುತ್ತದೆ. ನಾಳೆಯೂ ಮುಖ ತೊಳೆದು, ಚಹಾದ ಮೊದಲು, ಅರ್ಧ ಕಡ್ಡಿಯನ್ನು ಹಚ್ಚುವೆವು. ಉಳಿದ ಅರ್ಧವು ನಮ್ಮ ಮನೆಯವರದು.